ಎರಡು ದಿನದ ಶಿಬಿರ ಹದಿನೈದು ದಿನಕ್ಕೆ ಮರೆತುಹೋಯಿತು: ಆತ್ಮರಕ್ಷಣೆಯನ್ನು ಹೇಗೆ ಕಲಿಯಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನವಳು, ವಯಸ್ಸು 34. ಗಂಗಾವತಿಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ವಾರದಲ್ಲಿ ಮೂರು ದಿನ ಸಂಜೆಯ ಪಾಳಿ ಮುಗಿಸಿ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಕ್ರಾಸಿನಲ್ಲಿ ಬಸ್ಸಿಳಿದು, ಕಾಲುವೆ ಪಕ್ಕದ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ನಡೆಯುತ್ತೇನೆ. ಕಳೆದ ತಿಂಗಳು ಬೈಕಿನ ಮೇಲಿದ್ದ ಇಬ್ಬರು ಎರಡು ಸಲ ಪಕ್ಕಕ್ಕೆ ಬಂದು ನಿಧಾನಿಸಿ, ಏನೇನೋ ಅಂದು ಹೋದರು. ಹಿಂದೊಮ್ಮೆ ಎರಡು ದಿನದ ಆತ್ಮರಕ್ಷಣೆ ಶಿಬಿರಕ್ಕೆ ಹೋಗಿದ್ದೆ; ಕಲಿತದ್ದೆಲ್ಲ ಹದಿನೈದು ದಿನಕ್ಕೆ ಮರೆತುಹೋಯಿತು. ಈ ವಯಸ್ಸಿನಲ್ಲಿ ಕಲಿಯಬಹುದೇ? ವಿಡಿಯೊ ನೋಡಿ ಕಲಿತರೆ ಸಾಕೇ? ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲೇ? ತಿರುಗಿ ಹೊಡೆದರೆ ನನ್ನ ಮೇಲೆಯೇ ಕೇಸಾಗುತ್ತದೆಯೇ? ಎಂಟನೇ ತರಗತಿಯ ಮಗಳು ತನ್ನನ್ನೂ ಸೇರಿಸು ಎನ್ನುತ್ತಿದ್ದಾಳೆ. ಬೈಕಿನವರ ವಿಷಯವನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಕೆಲಸ ಬಿಡು ಎನ್ನುತ್ತಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನೀವು ಯಾವುದೇ ತರಗತಿಗೆ ಸೇರುವ ಮುಂಚೆ ಆಗಬೇಕಾದ ಕೆಲಸ ಅಲ್ಲಿದೆ. ಅದೇ ಇಬ್ಬರು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಎರಡು ಸಲ ಬಂದಿದ್ದಾರೆಂದರೆ, ನೀವು ಇಳಿಯುವ ಬಸ್ಸೂ ನಡೆಯುವ ದಾರಿಯೂ ಅವರಿಗೆ ತಿಳಿದಿವೆ ಎಂದೇ ಇಟ್ಟುಕೊಳ್ಳಬೇಕು. ಕಿರುಕುಳ ಕೊಡುವವರಲ್ಲಿ ಬಹಳ ಜನ ಹೀಗೆ ಹದ ನೋಡುತ್ತಲೇ ಬರುತ್ತಾರೆ: ಮೊದಲು ದೂರದಿಂದ ಒಂದು ಮಾತು, ಅದಕ್ಕೆ ಏನೂ ಆಗದಿದ್ದರೆ ಬೈಕು ಇನ್ನಷ್ಟು ಹತ್ತಿರ, ಅದಕ್ಕೂ ಏನೂ ಆಗದಿದ್ದರೆ ಕೈ. ನೀವು ಈಗ ಎರಡನೆಯ ಮೆಟ್ಟಿಲಿನಲ್ಲಿದ್ದೀರಿ. ಮೂರನೆಯದನ್ನು ಎದುರಿಸುವುದು ಹೇಗೆಂದು ಕಲಿಯುವುದಕ್ಕಿಂತ, ಅದು ಬಾರದಂತೆ ನೋಡಿಕೊಳ್ಳುವುದು ಹೆಚ್ಚು ಸುಲಭ.

ಹೇಳಿದರೆ ಕೆಲಸ ಬಿಡಿಸುತ್ತಾರೆಂಬ ಅಂಜಿಕೆಯನ್ನು ರಾಯಚೂರಿನಲ್ಲಿ ನಾನು ನಡೆಸುವ ಆತ್ಮರಕ್ಷಣೆ ತರಗತಿಗೆ ಬರುವ ಎಷ್ಟೋ ಹೆಂಗಸರ ಬಾಯಲ್ಲಿ ಕೇಳಿದ್ದೇನೆ, ಅದು ಸುಳ್ಳು ಅಂಜಿಕೆಯೂ ಅಲ್ಲ. ನಾನು ಕಂಡಂತೆ, ಬರೀ ತೊಂದರೆಯನ್ನು ಮನೆಯವರ ಮುಂದಿಟ್ಟರೆ ಅವರು ತಮಗೆ ತಿಳಿದ ಒಂದೇ ಪರಿಹಾರವನ್ನು ಹೇಳುತ್ತಾರೆ. ಏರ್ಪಾಡನ್ನೂ ಜೊತೆಗೇ ಇಟ್ಟರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಆದ್ದರಿಂದ ಮೊದಲು ಏರ್ಪಾಡು ಮಾಡಿಕೊಳ್ಳಿ. ಆ ಮೂರು ದಿನ ಕ್ರಾಸಿಗೆ ಬೈಕು ತರಬಲ್ಲವರು ಮನೆಯಲ್ಲಿ ಯಾರು, ಅದೇ ಬಸ್ಸಿನಲ್ಲಿ ಬಂದು ಅದೇ ಕಡೆಗೆ ನಡೆಯುವ ಇನ್ನೊಬ್ಬ ಹೆಂಗಸು ಇದ್ದಾರೆಯೇ, ಮಾಲೀಕರು ಪಾಳಿಯನ್ನು ಒಂದು ಗಂಟೆ ಹಿಂದಕ್ಕೆ ತರಬಲ್ಲರೇ ಎಂಬ ಮೂರಕ್ಕೂ ಉತ್ತರ ಹುಡುಕಿಕೊಂಡು, ಆಮೇಲೆ ಮಾತೆತ್ತಿ. ಜೊತೆಗೆ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಹೊತ್ತು, ಜಾಗ, ಬೈಕಿನ ಬಣ್ಣ, ಸಾಧ್ಯವಾದರೆ ನಂಬರಿನ ಕೊನೆಯ ನಾಲ್ಕು ಅಂಕಿ, ಅವರು ಅಂದ ಮಾತು ಅಂದ ಹಾಗೆಯೇ, ಇಷ್ಟನ್ನು ಬರೆದಿಡಿ. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತು, ಸನ್ನೆಗಳು ಭಾರತೀಯ ನ್ಯಾಯ ಸಂಹಿತೆಯ ಕಲಂ 79ರ ಅಡಿ ಅಪರಾಧ. ಮನಸ್ಸಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತಿ ಮಾತಿಗೆಳೆಯುವುದು ಕಲಂ 78ರ ಅಡಿ ಬರುತ್ತದೆ. ಠಾಣೆಯಲ್ಲಿ ‘ಯಾರೋ ಏನೋ ಅಂದರು’ ಎಂಬ ದೂರಿಗೂ, ದಿನಾಂಕವಾರು ಬರೆದ ಅರ್ಧ ಪುಟಕ್ಕೂ ಸಿಗುವ ಲಕ್ಷ್ಯದಲ್ಲಿ ಬಹಳ ವ್ಯತ್ಯಾಸವಿದೆ.

ಇನ್ನು ದಾರಿಯ ವಿಷಯ. ಒಂದು ಭಾನುವಾರ ಹಗಲಿನಲ್ಲಿ, ಬೇಕಾದರೆ ಮಗಳನ್ನೂ ಕರೆದುಕೊಂಡು, ಆ ಒಂದೂವರೆ ಕಿಲೋಮೀಟರನ್ನು ಅವಸರವಿಲ್ಲದೆ ನಡೆಯಿರಿ. ನಿಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಸೀಮೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ನಡುವೆ ಒಂದೆರಡು ಅಕ್ಕಿ ಗಿರಣಿ, ಒಂದು ಕ್ಯಾಂಪು (ಗದ್ದೆಗಳ ನಡುವಿನ ಸಣ್ಣ ವಸತಿ) ಇದ್ದೇ ಇರುತ್ತವೆ. ರಾತ್ರಿ ಕಾವಲುಗಾರನಿರುವ ಗಿರಣಿ ಯಾವುದು, ಅದರ ಗೇಟು ಯಾವ ಬದಿಗೆ ತೆರೆಯುತ್ತದೆ, ಕ್ಯಾಂಪಿನ ಮೊದಲ ಮನೆಯ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ, ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದ ತುಂಡು ದಾರಿ ಎಷ್ಟಿದೆ ಎಂದು ಹೆಜ್ಜೆ ಎಣಿಸಿ ನೋಡಿ. ಆ ಕಾವಲುಗಾರನನ್ನು ಹಗಲಿನಲ್ಲೇ ಮಾತನಾಡಿಸಿ, ಇಂಥ ದಿನ ಇಂಥ ಹೊತ್ತಿಗೆ ಹೋಗುತ್ತೇನೆಂದು ತಿಳಿಸಿಡಿ. ಆಗ ನಿಮ್ಮ ಒಂದೂವರೆ ಕಿಲೋಮೀಟರು ಎರಡೋ ಮೂರೋ ತುಂಡಾಗಿ, ಪ್ರತಿ ತುಂಡಿನಲ್ಲೂ ಓಡಿದರೆ ಸೇರುವ ಜಾಗ ಮುಂದಿದೆಯೋ ಹಿಂದಿದೆಯೋ ಎಂಬುದು ಯೋಚಿಸದೆ ನೆನಪಾಗುತ್ತದೆ. ನಾನು ಕಲಿಸುವ ಪ್ರತಿಯೊಂದು ಪಟ್ಟೂ ಈ ಸೇರುವ ಜಾಗದಲ್ಲಿಯೇ ಮುಗಿಯುತ್ತದೆ. ಕೈ ಬಿಡಿಸಿಕೊಂಡ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದವಳು ಅಲ್ಲಿಯೇ ನಿಂತುಬಿಡುತ್ತಾಳೆ, ಇದನ್ನು ತರಗತಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಿತ್ರದುರ್ಗದ ಓಬವ್ವನ ಕಥೆಯಲ್ಲಿ ಎಲ್ಲರೂ ಒನಕೆಯನ್ನು ನೆನೆಯುತ್ತಾರೆ. ನನಗೆ ಆ ಕಿಂಡಿ ದೊಡ್ಡದಾಗಿ ಕಾಣುತ್ತದೆ. ಒಬ್ಬೊಬ್ಬನೇ ತಲೆ ತಗ್ಗಿಸಿ ನುಸುಳಬೇಕಾದ ಆ ಜಾಗದಲ್ಲಿ ನಿಂತದ್ದರಿಂದಲೇ ಒಂದು ಒನಕೆ ಸಾಕಾಯಿತು.

ಆ ದಾರಿಯಲ್ಲಿ ಕೈಯಲ್ಲೊಂದು ಒಳ್ಳೆಯ ಬ್ಯಾಟರಿ ಇರಲಿ. ಗದ್ದೆ ಬದುವಿನ ಹಾವಿಗೂ, ಕ್ರಾಸಿನ ನಾಯಿಗೂ ಅದು ಹೇಗೂ ಬೇಕು. ಎದುರಿಗೆ ಬಂದವನ ಮುಖಕ್ಕೆ ಹಿಡಿದರೆ ಒಂದೆರಡು ಕ್ಷಣ ಅವನಿಗೆ ಏನೂ ಕಾಣಿಸದು, ಅವನ ಮುಖ ನಿಮಗೆ ಕಾಣುತ್ತದೆ. ಬೈಕುಗಳು ಬೆನ್ನ ಹಿಂದಿನಿಂದ ಬಾರದಂತೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನಗಳನ್ನು ನೋಡುತ್ತ ನಡೆಯಿರಿ. ಸರವನ್ನು ಸೆರಗಿನೊಳಗೆ, ಚೀಲವನ್ನು ಕಾಲುವೆಯ ಬದಿಯ ಹೆಗಲಿಗೆ ಹಾಕಿಕೊಳ್ಳಿ. ಕಿತ್ತುಕೊಳ್ಳಲು ಬಂದರೆ ಎಳೆದಾಡದೆ ಬಿಟ್ಟುಬಿಡಿ. ಓಡುವ ಬೈಕಿನ ಹಿಂದೆ ರಸ್ತೆಯ ಮೇಲೆ ಎಳೆಸಿಕೊಂಡವರ ಮೊಣಕಾಲು, ತಲೆ ನೋಡಿದವರು ಈ ಮಾತಿಗೆ ಎದುರಾಡಲಾರರು.

ಈಗ ಶಿಬಿರದ ವಿಷಯಕ್ಕೆ ಬರುತ್ತೇನೆ. ನೀವು ಹೋದಂಥ ಶಿಬಿರಗಳನ್ನು ನಾನೂ ನಡೆಸಿದ್ದೇನೆ. ಆರಂಭದ ವರ್ಷಗಳಲ್ಲಿ ಎರಡು ದಿನದಲ್ಲಿ ಇಪ್ಪತ್ತು ಪಟ್ಟು ಹೇಳಿಕೊಟ್ಟು, ಕೊನೆಗೆ ಚಾಕು ಕಸಿಯುವ ಪ್ರದರ್ಶನವನ್ನೂ ಮಾಡಿ, ಚಪ್ಪಾಳೆ ಹೊಡೆಸಿಕೊಂಡು, ಪ್ರಮಾಣಪತ್ರ ಹಂಚಿ ಬಂದವನು ನಾನು. ಮೂರು ತಿಂಗಳ ಮೇಲೆ ಅದೇ ಹಾಸ್ಟೆಲಿಗೆ ಬೇರೆ ಕೆಲಸಕ್ಕೆ ಹೋದಾಗ, ಶಿಬಿರದಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗಿಯ ಮುಂಗೈಯನ್ನು ಅವಳ ಗೆಳತಿಯಿಂದ ಇದ್ದಕ್ಕಿದ್ದಂತೆ ಹಿಡಿಸಿದೆ. ಅವಳು ಕೈ ಎಳೆದಳು, ನಕ್ಕಳು, ಮತ್ತೆ ಎಳೆದಳು, ಆಮೇಲೆ ನನ್ನ ಮುಖ ನೋಡಿದಳು. ಕಲಿಸಿದ ಇಪ್ಪತ್ತರಲ್ಲಿ ಒಂದೂ ಅವಳ ಕೈಗೆ ಬರಲಿಲ್ಲ. ತಪ್ಪು ಅವಳದಲ್ಲ, ನನ್ನದೇ ಎಂದು ಅರಿವಾಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು.

ಇದಕ್ಕೆ ಕಾರಣ ದೇಹದಲ್ಲಿಯೇ ಇದೆ. ಹೆದರಿಕೆಯಾದ ಕೂಡಲೇ ಅಡ್ರಿನಲಿನ್ ರಕ್ತಕ್ಕಿಳಿದು ಎದೆ ಬಡಿತ ಏರುತ್ತದೆ, ದೊಡ್ಡ ಸ್ನಾಯುಗಳಿಗೆ ಬಲ ಬರುತ್ತದೆ, ಬೆರಳುಗಳ ನಾಜೂಕಾದ ಹಿಡಿತ ತಪ್ಪುತ್ತದೆ. ದೃಷ್ಟಿ ಕೊಳವೆಯಲ್ಲಿ ನೋಡಿದಂತೆ ಕಿರಿದಾಗುತ್ತದೆ. ದಿನವೂ ನೂರು ಜನರ ರಕ್ತನಾಳವನ್ನು ಬೆರಳ ತುದಿಯಿಂದಲೇ ಗುರುತಿಸುವ ನಿಮ್ಮ ಕೈಗೂ ಆ ಹೊತ್ತಿನಲ್ಲಿ ಫೋನಿನ ಲಾಕು ತೆಗೆಯುವುದು ಕಷ್ಟವಾಗಬಹುದು. ಕೆಲವರಿಗಂತೂ ಮೈ ಮರಗಟ್ಟಿ, ಕೂಗಲೂ ಓಡಲೂ ಆಗುವುದಿಲ್ಲ. ಇದು ಅಂಜುಬುರುಕತನವಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ದೇಹ ತಾನಾಗಿ ಕೊಡುವ ಪ್ರತಿಕ್ರಿಯೆ. ಆದ್ದರಿಂದ ಹೊಂಚಿ ಹಿಡಿದು ಬೆರಳು ತಿರುಚುವಂಥ ಪಟ್ಟುಗಳು ಚಾಪೆಯ ಮೇಲೆ ಎಷ್ಟು ಚೆನ್ನಾಗಿ ಕಂಡರೂ ರಸ್ತೆಯಲ್ಲಿ ಕೈಕೊಡುತ್ತವೆ. ಉಳಿಯುವುದು ಇಡೀ ಮೈಯಿಂದ ಮಾಡುವ, ನೂರಾರು ಸಲ ಮಾಡಿ ಮಾಡಿ ಯೋಚನೆಯೇ ಬೇಡವಾದ ನಾಲ್ಕೈದು ಚಲನೆಗಳು ಮಾತ್ರ.

ಒಂದನ್ನು ಇಲ್ಲಿಯೇ ವಿವರಿಸುತ್ತೇನೆ. ನಿಮ್ಮ ಮುಂಗೈಯನ್ನು ಒಬ್ಬನು ಹಿಡಿದಾಗ ಅವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದು ಕಡೆ ಇರುತ್ತವೆ. ಎರಡರ ತುದಿ ಕೂಡುವ ಜಾಗದಲ್ಲಿ ಸಣ್ಣದೊಂದು ಸಂದು ಉಳಿಯುತ್ತದೆ. ಹಿಡಿತದ ಬಲವೆಲ್ಲ ನಾಲ್ಕು ಬೆರಳಲ್ಲಿ, ಬಾಗಿಲು ಆ ಸಂದಿನಲ್ಲಿ. ಹಿಡಿಸಿಕೊಂಡ ಯಾರೇ ಆಗಲಿ ಮೊದಲು ಹಿಂದಕ್ಕೆ ಎಳೆಯುತ್ತಾರೆ, ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ನೀವು ಅದರ ಬದಲು ಅವನ ಕಡೆಗೇ ಒಂದು ಹೆಜ್ಜೆ ಹಾಕಿ, ನಿಮ್ಮ ಮುಂಗೈಯ ಅಗಲ ಬದಿಯನ್ನು ಬಿಟ್ಟು ಕಿರಿದಾದ ಎಲುಬಿನ ಅಂಚನ್ನು ಆ ಸಂದಿಗೆ ತಿರುಗಿಸಿ, ನಿಮ್ಮ ಮೊಣಕೈಯನ್ನು ಅವನ ಮೊಣಕೈಯ ಕಡೆಗೆ ಜೋರಾಗಿ ನೂಕಬೇಕು. ಸೊಂಟವೂ ಅದರ ಜೊತೆಗೇ ತಿರುಗಬೇಕು. ಕೈ ತಾನಾಗಿ ಹೆಬ್ಬೆರಳ ಸಂದಿನಿಂದ ಹೊರಬರುತ್ತದೆ. ಅವನ ತೋಳಿಗಿಂತ ನಿಮ್ಮ ತೋಳು ಬಲವಾಗಿರಬೇಕಿಲ್ಲ, ಅವನ ಒಂದು ಹೆಬ್ಬೆರಳಿಗಿಂತ ನಿಮ್ಮ ಇಡೀ ಮೈ ಬಲವಾಗಿದ್ದರೆ ಸಾಕು. ಎರಡು ಕೈಯಿಂದ ಹಿಡಿದರೆ ನಿಮ್ಮ ಇನ್ನೊಂದು ಕೈಯನ್ನು ಮೇಲಿನಿಂದ ತೂರಿಸಿ, ನಿಮ್ಮದೇ ಮುಷ್ಟಿಯನ್ನು ಹಿಡಿದು, ಹೆಗಲ ಕಡೆಗೆ ಎತ್ತಿ ಕಿತ್ತುಕೊಳ್ಳಬೇಕು. ಅಭ್ಯಾಸಕ್ಕೆ ಬರುವಾಗ ಗಾಜಿನ ಬಳೆಗಳನ್ನು ತೆಗೆದಿಡಿ, ಆದರೆ ಕೆಲಸಕ್ಕೆ ಉಡುವ ಸೀರೆ ಅಥವಾ ಚೂಡಿದಾರದಲ್ಲಿಯೇ ಬನ್ನಿ. ಟ್ರ್ಯಾಕ್ ಪ್ಯಾಂಟಿನಲ್ಲಿ ಕಲಿತ ಹೆಜ್ಜೆ ನೆರಿಗೆಯಲ್ಲಿ ಸಿಕ್ಕಿಕೊಂಡರೆ ಆ ಕಲಿಕೆ ದಾರಿಯಲ್ಲಿ ನಿಮಗೆ ಒದಗಲಿಲ್ಲವೆಂದೇ ಲೆಕ್ಕ.

ಹೊಡೆಯಲೇಬೇಕಾದರೆ ಮುಷ್ಟಿ ಬೇಡ. ಅಭ್ಯಾಸವಿಲ್ಲದವರು ಮುಷ್ಟಿಯಿಂದ ಗುದ್ದಿ ಕಿರುಬೆರಳಿನ ಬುಡದ ಎಲುಬನ್ನು ತಾವೇ ಮುರಿದುಕೊಳ್ಳುವುದು ಎಲುಬಿನ ವೈದ್ಯರಿಗೆ ಹಳೆಯ ಪರಿಚಯ. ಅಂಗೈಯ ಬುಡದಿಂದ ಕೆಳಗಿನಿಂದ ಮೇಲಕ್ಕೆ ಗದ್ದಕ್ಕೋ ಮೂಗಿಗೋ ಹೊಡೆಯುವುದು, ಮೊಣಕೈಯಿಂದ ತಿವಿಯುವುದು, ಮುಂಗಾಲಿನ, ಅಂದರೆ ಮೊಣಕಾಲಿನ ಕೆಳಗೆ ಮುಂಬದಿಯ, ಎಲುಬಿಗೆ ಬೂಟಿನಿಂದಲೋ ಹಿಮ್ಮಡಿಯಿಂದಲೋ ಒದೆಯುವುದು, ಇಷ್ಟು ಸಾಕು. ತೊಡೆಸಂದಿಗೆ ಒದ್ದರೆ ಎಲ್ಲವೂ ಮುಗಿಯಿತೆಂಬ ನಂಬಿಕೆಯನ್ನು ಬಿಡಿ. ಗಂಡಸರು ಅದನ್ನು ತಡೆಯಲು ಮೊದಲೇ ಸಿದ್ಧರಿರುತ್ತಾರೆ. ಹಿಂದಿನಿಂದ ಜಡೆ ಹಿಡಿದು ಎಳೆದರೆ, ಎರಡೂ ಕೈಗಳಿಂದ ಅವನ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ, ಎಳೆತ ತಲೆಯ ಚರ್ಮಕ್ಕೆ ತಟ್ಟುವುದು ತಪ್ಪುತ್ತದೆ. ಆಮೇಲೆ ಅವನ ಕಡೆಗೆ ತಿರುಗಿ ಮುಂಗಾಲಿಗೆ ಒದೆಯಿರಿ. ದುಪಟ್ಟಾವನ್ನು ಕೊರಳಿಗೆ ಸುತ್ತಿಕೊಳ್ಳದೆ, ಎಳೆದರೆ ಜಾರಿ ಹೋಗುವಂತೆ ಹಾಕಿಕೊಳ್ಳಿ. ಕೈಯಲ್ಲಿ ಚಾಕು ಕಂಡರೆ ಚೀಲ, ಫೋನು, ಸರ ಏನು ಕೇಳಿದರೂ ಅತ್ತ ಎಸೆದು ಇತ್ತ ಓಡಿ. ನಾನು ಹಿಂದೆ ತೋರಿಸುತ್ತಿದ್ದ ಚಾಕು ಕಸಿಯುವ ಪಟ್ಟನ್ನು ಈಗ ಯಾರಿಗೂ ಹೇಳಿಕೊಡುವುದಿಲ್ಲ.

ಇಷ್ಟೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ನಾನು ದನಿಗೆ ಕೊಡುತ್ತೇನೆ, ನಮ್ಮ ಕಡೆಯ ಹೆಂಗಸರಿಗೆ ಅದೇ ಎಲ್ಲಕ್ಕಿಂತ ಕಷ್ಟ. ಮೊದಲ ದಿನ ತರಗತಿಯಲ್ಲಿ, ಎದುರಿಗಿರುವವನು ಮೈಮೇಲೆ ಬರುತ್ತಿದ್ದಾನೆ, ಏನಾದರೂ ಹೇಳಿ ತಡೆಯಿರಿ ಎಂದರೆ ಹತ್ತರಲ್ಲಿ ಎಂಟು ಜನ ‘ಯಾಕ್ರೀ ಅಣ್ಣಾ, ಬಿಡ್ರೀ’ ಎನ್ನುತ್ತಾರೆ, ಅದೂ ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ. ಮಾತಿಗೊಂದು ‘ರೀ’ ಹಚ್ಚುವುದು ನಮ್ಮ ಸೀಮೆಯ ಚೆಂದ. ಆದರೆ ಕಿರುಕುಳ ಕೊಡುವವನಿಗೆ ‘ರೀ’ಯೂ ‘ಅಣ್ಣಾ’ವೂ ಬೇಡಿಕೊಳ್ಳುವ ದನಿಯಾಗಿ ಕೇಳಿಸುತ್ತವೆ. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಮುಂದೆ ಹಿಡಿದು, ಒಂದು ಕಾಲು ಹಿಂದಿಟ್ಟು, ಹೊಟ್ಟೆಯೊಳಗಿನಿಂದ ‘ಹಿಂದಕ್ಕ ಸರಿ!’ ಎಂದು ಕೂಗಬೇಕು. ಎರಡೇ ಶಬ್ದ, ಏಕವಚನ, ಪ್ರಶ್ನೆಯಿಲ್ಲ, ಕಾರಣ ಕೊಡುವುದಿಲ್ಲ. ಅವನಿಗೂ ನಿಮಗೂ ನಡುವೆ ಕನಿಷ್ಠ ಒಂದು ಮಾರು ಅಂತರ ಉಳಿದಿರುವಾಗಲೇ ಇದು ಹೊರಡಬೇಕು, ಏಕೆಂದರೆ ಅದಕ್ಕಿಂತ ಹತ್ತಿರ ಬಂದವನ ಕೈಯನ್ನು ಕಣ್ಣಿನಿಂದ ನೋಡಿ ತಪ್ಪಿಸಿಕೊಳ್ಳಲು ಹೊತ್ತು ಸಾಲದು. ಮೊದಮೊದಲು ನಗು ಬರುತ್ತದೆ, ಆಮೇಲೆ ಗಂಟಲು ಕಟ್ಟುತ್ತದೆ. ಮೂರನೆಯ ವಾರಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ಕೇಳುವಷ್ಟು ದನಿ ಏಳುತ್ತದೆ.

ಜನರಿರುವ ಕಡೆ ಕೂಗುವುದಕ್ಕೆ ಇನ್ನೊಂದು ಕ್ರಮವಿದೆ. ಬಸ್ ನಿಲ್ದಾಣದಲ್ಲಿ ಗಂಡಸೊಬ್ಬ ಹೆಂಗಸಿನ ಕೈ ಹಿಡಿದು ಎಳೆಯುತ್ತಿದ್ದರೆ ನೋಡಿದವರು ಗಂಡ-ಹೆಂಡಿರ ಜಗಳವೆಂದು ಮುಖ ತಿರುಗಿಸುತ್ತಾರೆ. ಆದ್ದರಿಂದ ‘ಕಾಪಾಡಿ’ ಎನ್ನುವುದಕ್ಕಿಂತ ‘ನೀ ಯಾರು? ನನಗ ಗೊತ್ತಿಲ್ಲ, ಕೈ ಬಿಡು!’ ಎಂದು ಕೂಗುವುದು ಒಳ್ಳೆಯದು. ಸುತ್ತಲಿನವರಿಗೆ ವಿಷಯ ಒಂದೇ ಮಾತಿಗೆ ತಿಳಿಯುತ್ತದೆ. ಗುಂಪಿಗೆಲ್ಲ ಕೂಗಿ ಹೇಳಿದರೆ ಪ್ರತಿಯೊಬ್ಬನೂ ಇನ್ನೊಬ್ಬ ಹೋಗಲಿ ಎಂದು ನೋಡುತ್ತ ನಿಲ್ಲುತ್ತಾನೆ. ಒಬ್ಬರನ್ನೇ ಗುರುತಿಸಿ, ‘ನೀಲಿ ಅಂಗಿಯವರೇ, ಒಂದು ಒಂದು ಎರಡಕ್ಕೆ ಫೋನ್ ಹಚ್ಚಿರಿ’ ಎಂದರೆ ಅವರು ಕದಲುತ್ತಾರೆ. ಬಸ್ಸಿನೊಳಗಾದರೆ ಕಂಡಕ್ಟರನ್ನು ಕೂಗಿ ಬಸ್ಸು ನಿಲ್ಲಿಸಲು ಹೇಳಿ.

ನೀವೇ 112ಕ್ಕೆ ಕರೆ ಮಾಡುವಾಗ ಮೊದಲು ಜಾಗ, ಆಮೇಲೆ ಏನಾಗುತ್ತಿದೆ ಎಂಬುದು, ಹೆಸರು ಕೊನೆಗೆ. ನಡುವೆ ಕರೆ ಕಡಿದುಹೋದರೂ ಜಾಗವೊಂದು ಅವರಿಗೆ ತಲುಪಿರುತ್ತದೆ. ಹಳ್ಳಿಯ ದಾರಿಗೆ ಹೆಸರಿರುವುದಿಲ್ಲವಾದ್ದರಿಂದ ಆ ಭಾನುವಾರದ ನಡಿಗೆಯಲ್ಲಿಯೇ, ‘ಗಂಗಾವತಿ–ಸಿಂಧನೂರು ರಸ್ತೆ, ಇಂಥ ಕ್ರಾಸು, ಕಾಲುವೆ ದಾರಿ, ಇಂಥ ಗಿರಣಿಯ ಹತ್ತಿರ’ ಎಂದು ಹೇಳುವ ವಾಕ್ಯವನ್ನು ಕಟ್ಟಿ ಬಾಯಿಪಾಠ ಮಾಡಿಕೊಳ್ಳಿ. ಪವರ್ ಗುಂಡಿಯನ್ನು ಮೂರು ಸಲ, ಕೆಲವು ಫೋನುಗಳಲ್ಲಿ ಐದು ಸಲ, ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ಏರ್ಪಾಡು ಇರುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಇಂದೇ ಹುಡುಕಿ ಸರಿಮಾಡಿಡಿ. ಮಹಿಳಾ ಸಹಾಯವಾಣಿ 181 ಮತ್ತು ಮಕ್ಕಳ ಸಹಾಯವಾಣಿ 1098, ಎರಡೂ ಸಂಖ್ಯೆ ಮಗಳಿಗೂ ಬಾಯಿಗೆ ಬರಲಿ.

ವಿಡಿಯೊ ನೋಡಿ ಕಲಿಯಬಹುದೇ ಎಂದಿದ್ದೀರಿ. ಚಲನೆ ಹೇಗಿರುತ್ತದೆಂದು ತಿಳಿಯಲು ನೋಡಬಹುದು. ಆದರೆ ಎದುರು ಹಿಡಿದವನು ಬಿಡದೆ ಬಿಗಿಹಿಡಿದಾಗ ಏನಾಗುತ್ತದೆಂಬುದನ್ನು ವಿಡಿಯೊ ಕಲಿಸದು. ತರಗತಿಯನ್ನು ಆರಿಸುವಾಗಲೂ ಇದನ್ನೇ ನೋಡಬೇಕು. ಸೇರುವ ಮೊದಲು ಒಂದು ಸಂಜೆ ಹೋಗಿ ಕುಳಿತು ಗಮನಿಸಿ: ಜೋಡಿಯವರು ತಾವಾಗಿ ಬಿಟ್ಟುಕೊಡುತ್ತಿದ್ದಾರೆಯೇ, ಅಥವಾ ಕ್ರಮೇಣ ಬಲ ಹೆಚ್ಚಿಸಿ ಹಿಡಿಯುತ್ತಿದ್ದಾರೆಯೇ, ದನಿಯ ಅಭ್ಯಾಸವಿದೆಯೇ, ಗುರುಗಳು ಮುಟ್ಟಿ ತೋರಿಸುವ ಮೊದಲು ಕೇಳುತ್ತಾರೆಯೇ, ಮೊಣಕಾಲು ನೋವೆಂದವರನ್ನು ಗೇಲಿ ಮಾಡುತ್ತಾರೆಯೇ. ಬೆಲ್ಟಿನ ಬಣ್ಣ, ಗೋಡೆಯ ಮೇಲಿನ ಪದಕ, ಹೆಂಚು ಒಡೆಯುವ ಪ್ರದರ್ಶನ ಇವು ನಿಮ್ಮ ಅಗತ್ಯಕ್ಕೆ ಸಂಬಂಧಿಸಿದವಲ್ಲ. ಕರಾಟೆ, ಜೂಡೊ ಎಂಬ ಹೆಸರಿಗಿಂತಲೂ ಇದು ಮುಖ್ಯ. ಆಯ್ಕೆ ಇದ್ದರೆ ಜೂಡೊ ಎನ್ನುತ್ತೇನೆ, ಅದರಲ್ಲಿ ಮೊದಲ ತಿಂಗಳು ಪೂರ್ತಿ ಬೀಳುವುದನ್ನೇ ಕಲಿಸುತ್ತಾರೆ; ಗದ್ದ ಎದೆಗೊತ್ತಿ, ಬೆನ್ನು ಗುಂಡಗೆ ಮಾಡಿ, ತೋಳು ನೆಲಕ್ಕೆ ಬಡಿದು ಬೀಳುವುದನ್ನು ಕಲಿತವರಿಗೆ ಬಚ್ಚಲಲ್ಲಿ ಜಾರಿದಾಗಲೂ ಅದು ಕೆಲಸಕ್ಕೆ ಬರುತ್ತದೆ.

ನಿಮ್ಮ ವಯಸ್ಸು 34 ಎಂದು ಅಂಜಿದ್ದೀರಿ. ನನ್ನಲ್ಲಿ 50 ದಾಟಿದವರೂ ಇದ್ದಾರೆ. ಶಾಲೆಯಲ್ಲಿ ಕಬಡ್ಡಿ ಆಡಿದ್ದೀರಾ? ನಮ್ಮ ಕಡೆಯ ಜಿಲ್ಲೆಗಳಲ್ಲಿ ಕಬಡ್ಡಿ, ಖೊಖೊ ಆಡದ ಹುಡುಗಿಯರು ಕಡಿಮೆ. ಹಿಡಿದವರ ಕೈಯಿಂದ ಸೊಂಟ ತಿರುಗಿಸಿ ನುಸುಳಿ ಗೆರೆ ಮುಟ್ಟುವುದನ್ನು ಕಲಿತ ಮೈಗೆ, ನಾನು ಕಲಿಸುವುದರಲ್ಲಿ ಅರ್ಧ ಮೊದಲೇ ಗೊತ್ತಿರುತ್ತದೆ; ಗೆರೆಯ ಜಾಗದಲ್ಲಿ ಗಿರಣಿಯ ಗೇಟು ಇಟ್ಟರಾಯಿತು. ವಾರಕ್ಕೆರಡು ದಿನದಂತೆ ಮೂರು ತಿಂಗಳು, ಆಮೇಲೆ ತಿಂಗಳಿಗೊಮ್ಮೆಯಾದರೂ ತಪ್ಪದೆ ಮೆಲುಕು ಹಾಕುವುದು ನನ್ನ ಲೆಕ್ಕ. ಗಂಟೆಗಳ ಸಂಖ್ಯೆಗಿಂತ ಏನನ್ನು ಕಲಿಸುತ್ತಾರೆಂಬುದು ಮುಖ್ಯವೆನ್ನಲು ಒಂದು ಆಧಾರವಿದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಒಳಗೊಂಡು ಷಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ 12 ಗಂಟೆಗಳ ತರಬೇತಿ ಪಡೆದವರಲ್ಲಿ ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇ. 5.2 ಇತ್ತು, ಮಾಹಿತಿ ಪತ್ರಿಕೆಗಳನ್ನಷ್ಟೇ ಪಡೆದವರಲ್ಲಿ ಅದು ಶೇ. 9.8. ಆ 12 ಗಂಟೆಗಳಲ್ಲಿ ಹೊಡೆತ, ಬಿಡಿಸಿಕೊಳ್ಳುವಿಕೆಗೆ ಮೀಸಲಾದದ್ದು ಒಂದು ಭಾಗ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಪರಿಚಯದ ಗಂಡಸಿನಿಂದ ಅಪಾಯ ಬರುತ್ತಿರುವ ಲಕ್ಷಣವನ್ನು ಬೇಗ ಗುರುತಿಸುವುದು ಮತ್ತು ‘ಇವರಿಗೆ ಹೇಗೆ ಇಲ್ಲವೆನ್ನಲಿ’ ಎಂಬ ಸಂಕೋಚವನ್ನು ದಾಟುವುದು.

ಈ ಮಾತು ನಮ್ಮಲ್ಲಿಗೂ ಅಷ್ಟೇ ಹೊಂದುತ್ತದೆ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಹೆಣ್ಣಿಗೆ ಮೊದಲೇ ಗೊತ್ತಿದ್ದವನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ಕತ್ತಲೆಯ ಕಾಲುವೆ ದಾರಿಗೆ ಮೀಸಲಿಟ್ಟ ಎಚ್ಚರದಲ್ಲಿ ಒಂದು ಪಾಲನ್ನು ಕೆಲಸದ ಜಾಗಕ್ಕೂ ನೆಂಟರ ಮನೆಗೂ ಇಡಬೇಕಾಗುತ್ತದೆ. ಪರಿಚಿತರ ಎದುರು ಮುಂಗೈ ಬಿಡಿಸುವ ಪಟ್ಟಿಗಿಂತ, ‘ಇದು ನನಗೆ ಸೇರುವುದಿಲ್ಲ’ ಎಂಬ ಒಂದು ವಾಕ್ಯವನ್ನು ನಗದೆ, ಕ್ಷಮೆ ಕೇಳದೆ ಹೇಳುವ ಅಭ್ಯಾಸ ಹೆಚ್ಚು ಬೇಕಾಗುತ್ತದೆ, ಕಲಿಯಲು ಹೆಚ್ಚು ದಿನವೂ ಹಿಡಿಯುತ್ತದೆ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ, ಪರವಾನಗಿ ಬೇಕಿಲ್ಲ. ಆದರೆ ಅದನ್ನು ಚೀಲದ ತಳದಲ್ಲಿ, ಟಿಫಿನ್ ಡಬ್ಬಿಯ ಕೆಳಗಿಟ್ಟುಕೊಂಡವರೇ ಹೆಚ್ಚು. ಬಸ್ಸಿಳಿಯುವಾಗಲೇ ಅದು ಕೈಯಲ್ಲಿರಬೇಕು, ಹೆಬ್ಬೆರಳು ಮುಚ್ಚಳದ ಮೇಲಿರಬೇಕು. ಕೊಂಡ ವಾರವೇ ಬಯಲಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ ಒಮ್ಮೆ ಸಿಂಪಡಿಸಿ, ಎಷ್ಟು ದೂರ ಹೋಗುತ್ತದೆಂದು ನೋಡಿಕೊಳ್ಳಿ. ನಮ್ಮ ಆಷಾಢದ ಗಾಳಿ ಎದುರಿನಿಂದ ಬೀಸುವಾಗ ಅದನ್ನು ಬಳಸಿದರೆ ಕಣ್ಣು ಉರಿಯುವುದು ನಿಮ್ಮದೇ. ಇಂಥ ಡಬ್ಬಿಗಳನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವಿನಲ್ಲಿ ಇಡಬಾರದು; ಬಳ್ಳಾರಿ, ರಾಯಚೂರು ಕಡೆ ಮೇ ತಿಂಗಳಲ್ಲಿ ನೆರಳಿನ ಕಾವೇ 42 ದಾಟುವಾಗ, ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿ ಎಷ್ಟು ಕಾದಿರುತ್ತದೆಂದು ನಿಮಗೇ ಗೊತ್ತು. ಅವಧಿ ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ. ಕಾಗದದಲ್ಲಿ ಖಾರದ ಪುಡಿ ಕಟ್ಟಿಕೊಂಡು ತಿರುಗುವವರೂ ಇದ್ದಾರೆ. ಪೊಟ್ಟಣ ಬಿಚ್ಚುವಷ್ಟು ಪುರಸೊತ್ತು ಅಲ್ಲಿರುವುದಿಲ್ಲ. ಮನೆಯಲ್ಲಿರುವುದು ಬ್ಯಾಡಗಿ ಪುಡಿಯಾದರೆ ಅದು ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ.

ಕೇಸಿನ ಅಂಜಿಕೆಗೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ ಖಾಸಗಿ ರಕ್ಷಣೆಯ ಹಕ್ಕನ್ನು ಹೇಳಲಾಗಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ವಿಷಯ ಕಲಂ 96ರಿಂದ 106ರವರೆಗೆ ಇತ್ತು. ನಿಮ್ಮ ಮೈಯನ್ನಾಗಲಿ, ಇನ್ನೊಬ್ಬರ ಮೈಯನ್ನಾಗಲಿ ಕಾಪಾಡಲು ಮಾಡಿದ ಕೃತ್ಯ ಅಪರಾಧವಲ್ಲ. ಏಟು ಬಿದ್ದ ಮೇಲೆಯೇ ತಿರುಗಿ ಹೊಡೆಯಬೇಕೆಂಬ ನಿಯಮವಿಲ್ಲ, ಅಪಾಯವಿದೆಯೆಂದು ಯುಕ್ತವಾಗಿ ಅನ್ನಿಸಿದ ಗಳಿಗೆಯಿಂದಲೇ ಹಕ್ಕು ಶುರುವಾಗುತ್ತದೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯ ಉದ್ದೇಶದ ಹಲ್ಲೆಗಳನ್ನು ತಡೆಯುವಾಗ ಎದುರಾಳಿಯ ಪ್ರಾಣ ಹೋದರೂ ಕಲಂ 38ರ ಅಡಿ ರಕ್ಷಣೆ ಇದೆ. ಆದರೆ ಮಿತಿಯೂ ಇದೆ: ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಹೊತ್ತಿರುವಾಗ ತಾನೇ ಕೈಯೆತ್ತುವಂತಿಲ್ಲ. ನೀವು ಗದ್ದಕ್ಕೆ ಹೊಡೆದು, ಅವನು ಕೈ ಬಿಟ್ಟು, ನೀವು ಓಡಿದರೆ ಅದು ರಕ್ಷಣೆ. ಬಿದ್ದವನನ್ನು ಊರವರೆಲ್ಲ ಸೇರಿ ಕಂಬಕ್ಕೆ ಕಟ್ಟಿ ಬಾರಿಸಿದರೆ ಅದು ಬೇರೆಯೇ ಕೇಸು, ಅದರಲ್ಲಿ ಆರೋಪಿಗಳೂ ಬೇರೆ. ಹೊಡೆದು ಬಂದ ಮೇಲೆ ಸುಮ್ಮನಿರದೆ ಮೊದಲು ನೀವೇ ಠಾಣೆಗೆ ಹೋಗಿ. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು, ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಮುಂಗೈಯ ಮೇಲೆ ಬೆರಳಿನ ಗುರುತಿದ್ದರೆ ಅದು ಮಾಸುವ ಮೊದಲು ಫೋಟೊ ತೆಗೆದಿಡಿ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಬರೆಸಿಕೊಳ್ಳಿ.

ಮಗಳನ್ನು ಖಂಡಿತ ಸೇರಿಸಿ. ಸರ್ಕಾರಿ ಶಾಲೆಯಾದರೆ ಸಮಗ್ರ ಶಿಕ್ಷಣದ ಅಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಈ ವರ್ಷ ತಮ್ಮ ಶಾಲೆಯಲ್ಲಿ ಯಾವಾಗ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಅಲ್ಲಿಯವರೆಗೆ ಅವಳೇ ನಿಮ್ಮ ಜೋಡಿ. ಊಟಕ್ಕೆ ಮುಂಚೆ ಹತ್ತು ನಿಮಿಷ ಅಂಗಳದಲ್ಲಿ ನಿಂತು, ಅವಳು ನಿಮ್ಮ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಲಿ, ಬಿಟ್ಟುಕೊಡುವುದು ಬೇಡ; ನೀವು ಹೆಜ್ಜೆ ಮುಂದಿಟ್ಟು ಬಿಡಿಸಿಕೊಂಡು ಬಾಗಿಲವರೆಗೆ ಓಡಿ. ಆಮೇಲೆ ಅವಳ ಸರದಿ. ಮೊದಲ ಎರಡು ದಿನ ಇಬ್ಬರೂ ಹೊಸ್ತಿಲ ಬಳಿ ನಿಂತು ನಗುತ್ತೀರಿ. ಮೂರನೆಯ ದಿನದಿಂದ ಎಡಗೈಯಲ್ಲೂ ಮಾಡಿ.